ಕಣ್ಣಿಗೆ ಗೊಟಗೋಡಿ, ಹೊಟ್ಟೆಗೆ ಖಾನಾವಳಿ

ಜಪಾನಿನ ಒಸಾಕಾದಲ್ಲಿ ಉಮೆದಾ ಸ್ಕೈ ಬಿಲ್ಡಿಂಗ್ ಎಂಬ ಜೋಡಿ ಗೋಪುರವಿದೆ. 1993ರಲ್ಲಿ ಕಟ್ಟಿ ಮುಗಿಸಿದ್ದು. 40 ಅಂತಸ್ತು, 173 ಮೀಟರ್ ಎತ್ತರ. ಊರು ನೋಡಬೇಕೆನ್ನುವವರು ಅದರ ತುದಿಗೆ ಹತ್ತುತ್ತಾರೆ, ಹಸಿದವರು ನೆಲಮಾಳಿಗೆಗೆ ಇಳಿಯುತ್ತಾರೆ. ಕೆಳಗಿರುವುದು ತಕಿಮಿ ಕೋಜಿ ಎಂಬ ಊಟದ ಓಣಿ. ಗಾಜು, ಉಕ್ಕಿನ ಕಟ್ಟಡದ ಅಡಿಯಲ್ಲಿ ಶೋವಾ ಕಾಲದ ಆರಂಭದ ಒಸಾಕಾ ಬೀದಿಯೊಂದನ್ನು ಹೊಸದಾಗಿ ಕಟ್ಟಿದ್ದಾರೆ. ಶೋವಾ ಎಂದರೆ ಹಿರೋಹಿತೊ ಚಕ್ರವರ್ತಿಯ ಆಳ್ವಿಕೆ, 1926ರಿಂದ 1989ರವರೆಗೆ. ಕಿರಿದಾದ ದಾರಿ, ಮರದ ಚೌಕಟ್ಟಿನ ಅಂಗಡಿಗಳು, ಹಳೆಯ ಮಾದರಿಯ ಅಂಚೆಪೆಟ್ಟಿಗೆ, ಬಾಗಿಲಿಗೆ ಇಳಿಬಿಟ್ಟ ಬಟ್ಟೆಯ ಪರದೆ. ಪರದೆ ಸರಿಸಿ ಒಳಗೆ ಹೋದರೆ ನಿಜವಾದ ಒಲೆ, ನಿಜವಾದ ಅಡುಗೆಯವರು, ಎದುರಿಗೇ ಕಬ್ಬಿಣದ ಹಂಚಿನ ಮೇಲೆ ಬೇಯುವ ಎಲೆಕೋಸಿನ ದೋಸೆ, ಒಕೊನೊಮಿಯಾಕಿ. ನೋಡುವುದೂ ಉಣ್ಣುವುದೂ ಒಂದೇ ಜಾಗದಲ್ಲಿ ಆಗುತ್ತದೆ.

ಮರುವರ್ಷ, 1994ರಲ್ಲಿ, ಯೊಕೊಹಾಮಾದಲ್ಲಿ ರಾಮೆನ್ ಎಂಬ ನೂಡಲ್ ಸಾರಿನ ವಸ್ತುಸಂಗ್ರಹಾಲಯ ತೆರೆಯಿತು. ಅದರ ನೆಲಮಾಳಿಗೆಯಲ್ಲಿ 1958ರ ಒಂದು ಕೇರಿಯನ್ನೇ ನಿಲ್ಲಿಸಿದ್ದಾರೆ. ಆ ಇಸವಿಯೇ ಏಕೆಂದರೆ, ಮೊಮೊಫುಕು ಆಂಡೊ ಎಂಬವರು ದಿಢೀರ್ ನೂಡಲ್ಸ್ ಕಂಡುಹಿಡಿದದ್ದು ಆ ವರ್ಷ. ಇವೆರಡೂ ಕಟ್ಟಿಸಿದ ಓಣಿಗಳು. ಟೋಕಿಯೊದ ಶಿಂಜುಕು ನಿಲ್ದಾಣದ ಪಕ್ಕದ ಒಮೊಯಿದೆ ಯೊಕೊಚೊ ಹಾಗಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾಳಸಂತೆಯ ಗುಡಿಸಲಂಗಡಿಗಳಾಗಿ ಹುಟ್ಟಿ, 1999ರ ಬೆಂಕಿಯಲ್ಲಿ ಒಂದು ಭಾಗ ಸುಟ್ಟರೂ ಮತ್ತೆ ಎದ್ದು, ಇಂದಿಗೂ ಸಂಜೆಯಾದರೆ ಕೆಂಡದ ಹೊಗೆ ಏಳುವ ಗಲ್ಲಿ ಅದು. ಯಾರೂ ಅದನ್ನು ಹಳೆಯದಾಗಿ ಕಾಣಲೆಂದು ಕಟ್ಟಲಿಲ್ಲ. ಉಳಿದುಕೊಂಡಿತು, ಅಷ್ಟೇ.

ಹಳೆಯ ಊಟದ ಓಣಿ ಹುಡುಕುವವರು ಮೊದಲು ಈ ಎರಡು ಬಗೆಯನ್ನು ಬೇರೆಬೇರೆ ಎಂದು ಅರಿತುಕೊಳ್ಳಬೇಕು: ಒಂದು ಕಟ್ಟಿಸಿದ್ದು, ಇನ್ನೊಂದು ಉಳಿದದ್ದು. ಹಾವೇರಿ ಜಿಲ್ಲೆಯ ಶಿಗ್ಗಾವಿ, ಸವಣೂರು, ಹಾನಗಲ್ಲು, ಹಿರೇಕೆರೂರು ಸೀಮೆಯಲ್ಲಿ ಎರಡೂ ಇವೆ, ಆದರೆ ಒಂದೇ ಸೂರಿನ ಕೆಳಗಿಲ್ಲ. ಕಟ್ಟಿಸಿದ ಹಳ್ಳಿ ಹೆದ್ದಾರಿಯ ಬದಿಗಿದೆ. ಅದನ್ನು ನೋಡಲು ಜನ ಬಸ್ಸು ಮಾಡಿಕೊಂಡು ಬರುತ್ತಾರೆ. ಉಳಿದ ಊಟ ತಾಲೂಕು ಪಟ್ಟಣಗಳ ಬಸ್‌ಸ್ಟ್ಯಾಂಡಿನ ಆಸುಪಾಸು, ಕಚೇರಿ ಬೀದಿಗಳಲ್ಲಿ, ಬಣ್ಣ ಮಾಸಿದ ಬೋರ್ಡಿನ ಖಾನಾವಳಿಗಳಲ್ಲಿದೆ. ಅದನ್ನು ಹುಡುಕಿಕೊಂಡು ಬರುವ ಪ್ರವಾಸಿಗರು ಕಡಿಮೆ. ಒಂದನ್ನು ನೋಡಿ ಇನ್ನೊಂದರಲ್ಲಿ ಉಂಡವರಿಗೆ ಮಾತ್ರ ಈ ಸೀಮೆ ಪೂರ್ತಿ ಸಿಗುತ್ತದೆ ಎಂಬುದು ನನ್ನ ನಂಬಿಕೆ. ಅದನ್ನು ಮಾಡುವುದು ಹೇಗೆ ಎಂದು ಹೇಳುವುದಕ್ಕೇ ಈ ಬರಹ.

ಮೊದಲು ಗೊಟಗೋಡಿ. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಬರುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಶಿಗ್ಗಾವಿ ತಲುಪುವ ಮೊದಲೇ ಈ ಊರು ಸಿಗುತ್ತದೆ. 2011ರಲ್ಲಿ ಶುರುವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೂ ಇಲ್ಲಿಯೇ. ಇಲ್ಲಿನ ಉತ್ಸವ ರಾಕ್ ಗಾರ್ಡನ್ ಚಿತ್ರಕಲಾವಿದ, ದಿವಂಗತ ಟಿ.ಬಿ. ಸೊಲಬಕ್ಕನವರ ಕನಸು. ದೊಡ್ಡಾಟಕ್ಕೆ ಹೊಸ ಜೀವ ಕೊಟ್ಟವರೆಂದೂ ಅವರನ್ನು ಈ ಭಾಗದ ಜನ ನೆನೆಯುತ್ತಾರೆ. ಹೆಸರು ರಾಕ್ ಗಾರ್ಡನ್ ಎಂದಿದ್ದರೂ ಒಳಗೆ ಇರುವುದು ಬಂಡೆಗಳ ತೋಟವಲ್ಲ, ಒಂದು ಹಳ್ಳಿ. ಆಳೆತ್ತರದ ಮನುಷ್ಯರು, ದನಕರು, ಮನೆ, ಅಂಗಳ. ಕುಂಬಾರ, ಕಮ್ಮಾರ, ಬಡಿಗೇರ, ನೇಕಾರ ತಮ್ಮ ತಮ್ಮ ಕೆಲಸದಲ್ಲಿ ಕೂತಿದ್ದಾರೆ. ಸೊಲಬಕ್ಕನವರ ಮತ್ತು ಅವರ ತಂಡದ ಕಲಾವಿದರ ಕೈಯಲ್ಲಿ ಸಿಮೆಂಟು ಕೂಡ ಮೈಚರ್ಮದ ಸುಕ್ಕು, ರುಮಾಲಿನ ಮಡಿಕೆ, ಎತ್ತಿನ ಹೆಗಲ ಮೇಲಿನ ನೊಗದ ಗುರುತು ತೋರಿಸುವಷ್ಟು ಮೆತ್ತಗಾಗಿದೆ.

ಇಲ್ಲಿ ಬರುವ ಬಹಳ ಜನ ಮೂರ್ತಿಗಳ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಊಟದ ದಾರಿಯಲ್ಲಿ ಹೊರಟವರು ಬೇರೆ ರೀತಿ ನೋಡಬಹುದು. ಮನೆಯೊಳಗಿನ ದೃಶ್ಯಗಳ ಮುಂದೆ ನಿಧಾನಿಸಿ. ಬೀಸುವ ಕಲ್ಲು, ಒಳಕಲ್ಲು, ಒನಕೆ, ಮೊರ, ರೊಟ್ಟಿ ಹಿಟ್ಟು ನಾದುವ ಕೊಣಮಿಗಿ, ಕಾಳು ತುಂಬುವ ಹಗೇವು, ಮೊಸರಿನ ಗಡಿಗೆ ತೂಗುವ ನೆಲುವು — ಉತ್ತರ ಕರ್ನಾಟಕದ ಹಳೆಯ ಮನೆಯೆಂದರೆ ಇವೆಲ್ಲ ಇರಬೇಕು. ಇವುಗಳಲ್ಲಿ ಯಾವುದು ಇಲ್ಲಿ ಕಂಡಿತು ಎಂದು ಜೊತೆಗಿರುವ ಮಕ್ಕಳಿಗೆ ತೋರಿಸಿ, ಮನೆಯ ಹಿರಿಯರು ಜೊತೆಗಿದ್ದರೆ ಅವರನ್ನೇ ಮಾತಿಗೆ ಬಿಡಿ. ಅವರು ವಸ್ತುವಿನ ಹೆಸರು ಹೇಳಿ ನಿಲ್ಲುವುದಿಲ್ಲ. ಯಾವ ತಾಸಿಗೆ ಯಾರು ಬೀಸುತ್ತಿದ್ದರು, ಎಷ್ಟು ಸೇರು ಜೋಳ ಮನೆಗೆ ಎಷ್ಟು ದಿನ ಬರುತ್ತಿತ್ತು ಎಂಬುದೂ ಬರುತ್ತದೆ. ಯಾವ ಫಲಕದಲ್ಲೂ ಬರೆಯಲಾಗದ ಮಾಹಿತಿ ಅದು.

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗುವುದು ಒಳ್ಳೆಯದು. ಬಹಳಷ್ಟು ಭಾಗ ಬಯಲಿನಲ್ಲಿದೆ, ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಬಿಸಿಲು ತಡೆಯುವುದಿಲ್ಲ. ಚಳಿಗಾಲದಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಸಾವಕಾಶವಾಗಿ ನೋಡಬೇಕೆಂದರೆ ಅವುಗಳಿಗಿಂತ ಮೊದಲೇ ಒಳಗಿರಬೇಕು. ಪ್ರವೇಶದರ ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮೊದಲು ವಿಚಾರಿಸಿ. ದೂರದ ಊರಿಗೆ ಹೋಗುವ ವೇಗದೂತ ಬಸ್ಸುಗಳೆಲ್ಲ ಇಲ್ಲಿ ನಿಲ್ಲುತ್ತವೆಂದು ನಂಬಿ ಹತ್ತಬೇಡಿ. ಹುಬ್ಬಳ್ಳಿಯಲ್ಲಾಗಲಿ ಹಾವೇರಿಯಲ್ಲಾಗಲಿ ಕಂಡಕ್ಟರರನ್ನು ಕೇಳಿಯೇ ಹತ್ತಿ, ಇಲ್ಲವೇ ಶಿಗ್ಗಾವಿಯಲ್ಲಿ ಇಳಿದು ಆಟೊ ಹಿಡಿಯಿರಿ. ಹಸಿವು ಎಷ್ಟೇ ಆದರೂ ಊಟವನ್ನು ಮಾತ್ರ ಶಿಗ್ಗಾವಿ ಪೇಟೆಗೆ ಉಳಿಸಿಕೊಳ್ಳಿ.

ಈಗ ಖಾನಾವಳಿ. ಉತ್ತರ ಕರ್ನಾಟಕದ ತಾಲೂಕು ಪಟ್ಟಣಗಳಿಗೆ ಖಾನಾವಳಿ ಬೇಕಾದದ್ದು ಪ್ರವಾಸಿಗರಿಗಾಗಿ ಅಲ್ಲ. ಕೋರ್ಟಿಗೆ, ತಹಶೀಲ್ದಾರ ಕಚೇರಿಗೆ, ಎಪಿಎಂಸಿಗೆ ಹಳ್ಳಿಯಿಂದ ಬಂದವರು ಮಧ್ಯಾಹ್ನ ಮನೆಗೆ ಹೋಗಲಾರರು. ಬೇರೆ ಊರಿಂದ ವರ್ಗವಾಗಿ ಬಂದ ಮಾಸ್ತರರು, ಬ್ಯಾಂಕಿನವರು, ರೂಮು ಮಾಡಿಕೊಂಡ ಕಾಲೇಜು ಹುಡುಗರು ಅಡುಗೆ ಮಾಡಿಕೊಳ್ಳಲಾರರು. ಇವರಿಗೆಲ್ಲ ಮನೆಯ ರುಚಿಯ ರೊಟ್ಟಿ ಊಟ ಬೇಕು, ದಿನವೂ ಬೇಕು, ಕೈಗೆಟಕುವ ಬೆಲೆಗೆ ಬೇಕು. ಅದರಿಂದಲೇ ಖಾನಾವಳಿಯ ಇಡೀ ಪದ್ಧತಿ ರೂಪುಗೊಂಡಿದೆ. ಮೆನು ಕಾರ್ಡು ಇರುವುದಿಲ್ಲ, ಊಟ ಒಂದೇ ಬಗೆ. ತಿಂಗಳ ಲೆಕ್ಕದವರಿಗೆ ಒಂದು ವಹಿ. ಅಡುಗೆಮನೆ ಬಹುಪಾಲು ಆ ಮನೆಯ ಹೆಣ್ಣುಮಕ್ಕಳ ಮತ್ತು ಕೂಲಿಗೆ ಬರುವ ರೊಟ್ಟಿ ಮಾಡುವವರ ಕೈಯಲ್ಲಿ, ಗಲ್ಲಾ ಮತ್ತು ಬಡಿಸುವುದು ಗಂಡಸರ ಕೈಯಲ್ಲಿ. ‘ಲಿಂಗಾಯತ ಖಾನಾವಳಿ’ ಎಂಬ ಬೋರ್ಡು ಕಂಡರೆ ಅಲ್ಲಿ ಶುದ್ಧ ಸಸ್ಯಾಹಾರ. ‘ಸಾವಜಿ’ ಎಂದಿದ್ದರೆ ಮಾಂಸದ ಊಟ, ಖಾರ ಜೋರು; ಹುಬ್ಬಳ್ಳಿ, ಗದಗ ಕಡೆಯ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ, ಅಂದರೆ ಎಸ್ಎಸ್‌ಕೆ ಸಮಾಜದವರ ಅಡುಗೆ ಪರಂಪರೆ ಅದು. ಎರಡನ್ನೂ ಬೆರೆಸಬೇಡಿ, ಒಂದರೊಳಗೆ ಹೋಗಿ ಇನ್ನೊಂದನ್ನು ಕೇಳಬೇಡಿ.

ಊಟದ ಗುಣ ನಿಂತಿರುವುದು ರೊಟ್ಟಿಯ ಮೇಲೆ, ರೊಟ್ಟಿಯ ಗುಣ ನಿಂತಿರುವುದು ಹೊತ್ತಿನ ಮೇಲೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೋಧಿ ಹಿಟ್ಟನ್ನು ನಾದಿದರೆ ಅದರಲ್ಲಿರುವ ಗ್ಲುಟೆನ್ ಎಳೆಎಳೆಯಾಗಿ ಹೆಣೆದುಕೊಂಡು ಹಿಟ್ಟು ಹಿಗ್ಗುತ್ತದೆ, ಲಟ್ಟಣಿಗೆಗೆ ಒಗ್ಗುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ತಣ್ಣೀರಲ್ಲಿ ಕಲಸಿದರೆ ಹಿಟ್ಟು ಹರಿದುಹೋಗುತ್ತದೆ. ಅದಕ್ಕೇ ಕುದಿಯುವ ಎಸರು ಹಾಕುತ್ತಾರೆ. ಬಿಸಿ ನೀರಿಗೆ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುವುದು. ಆದರೂ ಎಳೆದು ಲಟ್ಟಿಸುವಷ್ಟು ಗಟ್ಟಿ ಅಲ್ಲ, ಅಂಗೈಯಲ್ಲಿ ಬಡಿದು ಬಡಿದು ತಿರುಗಿಸುತ್ತ ಅಗಲ ಮಾಡಬೇಕು. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ, ಒಣಹಿಟ್ಟು ಹೋಗಿ ಮೇಲೊಂದು ತೆಳು ಪದರ ಕೂಡಲೆಂದು. ಆ ಪದರ ಸರಿಯಾಗಿ ಕೂತರೆ ಒಳಗಿನ ಹಬೆ ಹೊರಹೋಗಲಾರದೆ ರೊಟ್ಟಿ ಪೂರಿಯ ಹಾಗೆ ಉಬ್ಬುತ್ತದೆ. ಉಬ್ಬಿದ ರೊಟ್ಟಿ ತಟ್ಟೆಗೆ ಬಿದ್ದ ಮೇಲೆ ಮೆತ್ತಗಿರುವುದು ಸ್ವಲ್ಪವೇ ಹೊತ್ತು. ಆಮೇಲೆ ಅದು ಬಿರುಸಾಗುತ್ತ ಹೋಗುತ್ತದೆ, ರುಚಿ ಬೇರೆಯೇ ಆಗುತ್ತದೆ.

ಆದ್ದರಿಂದ ಹೊತ್ತು ನೋಡಿ ಹೋಗಬೇಕು. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ ಹೋದರೆ ಹಂಚು ಕಾದಿರುತ್ತದೆ, ಬಡಿಯುವ ಸಪ್ಪಳ ಬಾಗಿಲಿಗೇ ಕೇಳುತ್ತದೆ. ಸಪ್ಪಳ ಕೇಳದಿದ್ದರೆ ಕೂಡುವ ಮೊದಲು ಕೇಳಿಬಿಡಿ: ‘ಬಿಸಿ ರೊಟ್ಟಿ ಅದಾವೇನ್ರೀ?’ ಅದರಲ್ಲಿ ಸಂಕೋಚವೇನೂ ಬೇಡ, ಎಲ್ಲರೂ ಕೇಳುತ್ತಾರೆ. ಮೂರರ ಮೇಲೆ ಹೋದವರಿಗೆ ತಣ್ಣನೆಯ ರೊಟ್ಟಿಯೋ ಚಪಾತಿಯೋ ಸಿಗುತ್ತದೆ. ಕೆಲಸದ ದಿನಗಳಲ್ಲಿ ಹೋಗುವುದು ಇನ್ನೂ ಮುಖ್ಯ. ಕಚೇರಿ, ಕೋರ್ಟು ನಡೆಯುವ ದಿನ ಗಿರಾಕಿ ಹೆಚ್ಚು, ಪಲ್ಯ ಆ ಹೊತ್ತಿನದೇ. ಹಬ್ಬ ಹುಣ್ಣಿಮೆಗಳಲ್ಲಿ ರೊಟ್ಟಿ ಮಾಡುವವರು ತಮ್ಮ ಮನೆಯಲ್ಲಿ ಹೋಳಿಗೆ ಮಾಡುತ್ತಿರುತ್ತಾರೆ, ಖಾನಾವಳಿ ಬಾಗಿಲು ಹಾಕಿದ್ದರೆ ಆಶ್ಚರ್ಯವಿಲ್ಲ.

ಕೂತ ಕೂಡಲೇ ತಟ್ಟೆಯಲ್ಲಿ ಬರುವುದು ಹೀಗೆ: ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಕಾಯಿಪಲ್ಯ ಇಲ್ಲವೇ ತಪ್ಪಲ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಅಥವಾ ಅಗಸಿ ಹಿಂಡಿ, ಮೊಸರು, ಹೆಚ್ಚಿದ ಉಳ್ಳಾಗಡ್ಡಿ, ಸವತಿಕಾಯಿ, ಹಸಿ ಮೆಂತೆ ತಪ್ಪಲ. ಅದೃಷ್ಟವಿದ್ದರೆ ಬದನಿಕಾಯಿ ಎಣ್ಣಿಗಾಯಿ. ಅದರ ಕೆಂಪು ನೋಡಿ ಹೆದರಬೇಕಾಗಿಲ್ಲ. ನೆರೆಯ ಬ್ಯಾಡಗಿಯ ಮೆಣಸಿನಕಾಯಿ ಬಣ್ಣ ಕೊಡುವುದರಲ್ಲಿ ಮುಂದು, ಖಾರದಲ್ಲಿ ಹಿಂದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಹಿಂಡಿಗೆ ಮೊಸರು ಹಾಕಿ ಕಲಸಿಕೊಳ್ಳಿ, ಎಣ್ಣೆ ಕೇಳಿದರೆ ಅದನ್ನೂ ಕೊಡುತ್ತಾರೆ. ರೊಟ್ಟಿ, ಪಲ್ಯ, ಹಸಿ ತಪ್ಪಲ ಮೂರೂ ಒಂದೇ ತುತ್ತಿನಲ್ಲಿ ಬಾಯಿಗೆ ಹೋಗಬೇಕು. ಬೇರೆಬೇರೆ ತಿಂದವರಿಗೆ ಈ ಊಟ ಅರ್ಧವೇ ತಿಳಿಯುವುದು. ಪಲ್ಯ ಮುಗಿದರೆ ಮತ್ತೆ ಹಾಕುತ್ತಾರೆ. ರೊಟ್ಟಿಗೆ ಮಾತ್ರ ಕೆಲವೆಡೆ ಲೆಕ್ಕವಿದೆ, ಇಷ್ಟರ ಮೇಲೆ ಬೇಕಾದರೆ ಬೇರೆ ದುಡ್ಡು. ‘ಅಣ್ಣಾರ, ಇನ್ನೊಂದು ಬಿಸೀದು ಕೊಡ್ರಿ’ ಎಂದರೆ ಒಳಗೆ ಕೂಗು ಹೋಗುತ್ತದೆ, ಹಂಚಿನಿಂದ ನೇರ ತಟ್ಟೆಗೆ ಬರುತ್ತದೆ. ಕೊನೆಗೆ ಅನ್ನ, ಸಾರು, ಮಜ್ಜಿಗೆ. ಗದ್ದಲದ ಹೊತ್ತಿನಲ್ಲಿ ಎದುರಿನ ಖಾಲಿ ಕುರ್ಚಿಗೆ ಅಪರಿಚಿತರು ಬಂದು ಕೂಡುತ್ತಾರೆ, ‘ಯಾವೂರ್ರೀ ತಮ್ದು?’ ಎಂದು ಕೇಳುತ್ತಾರೆ. ಉತ್ತರ ಕೊಡಿ. ಊರಿನ ಬಗ್ಗೆ ನಿಮಗೆ ಬೇಕಾದದ್ದೆಲ್ಲ ಆ ಒಂದು ಮಾತಿನಿಂದ ತಿಳಿಯುತ್ತ ಹೋಗುತ್ತದೆ.

ಋತುವಿನ ವಿಚಾರವೂ ಇದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಬಂದರೆ ಹೊಲದಲ್ಲಿ ತಾನಾಗಿ ಬೆಳೆಯುವ ಹಕ್ಕರಕಿ ತಪ್ಪಲ ರೊಟ್ಟಿಯ ಜೊತೆ ಹಸಿಯಾಗಿ ಸಿಗಬಹುದು. ಹಣ್ಣು ಮೆಣಸಿನಕಾಯಿ ರುಬ್ಬಿದ ರಂಜಕವೂ ಆ ದಿನಗಳದೇ. ಹಾಲುಗಾಳಿನ ಜೋಳದ ತೆನೆ ಸುಟ್ಟು ಉದುರಿಸಿದ ಸೀತನಿ ಖಾನಾವಳಿಯಲ್ಲಿ ಸಿಗುವುದಿಲ್ಲ, ಹೊಲವಿದ್ದವರ ಪರಿಚಯ ಬೇಕು. ಹಾಗೆ ಕರೆಯುವವರು ಯಾರಾದರೂ ಇದ್ದರೆ ಬೇರೆ ಎಲ್ಲ ಕಾರ್ಯಕ್ರಮ ಬಿಟ್ಟು ಹೋಗಬೇಕು.

ನನ್ನನ್ನು ಕಾಡುವ ಒಂದು ಮಾತು ಇಲ್ಲಿ ಹೇಳಲೇಬೇಕು. ಜೋಳ ಈ ತಾಲೂಕುಗಳ ಹೊಲಗಳಿಂದ ಹಿಂದೆ ಸರಿದಿದೆ. ಕೆಲವು ದಶಕಗಳಿಂದ ಗೋವಿನಜೋಳ ಮತ್ತು ಹತ್ತಿ ಹಬ್ಬಿವೆ. ಗೋವಿನಜೋಳದ ಬಹುಪಾಲು ಕೋಳಿ, ದನಗಳ ಮೇವಿಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಸುತ್ತಲ ಹೊಲದಿಂದ ಬರುತ್ತಿದ್ದ ಜೋಳವನ್ನು ಖಾನಾವಳಿಯವರು ಪೇಟೆಯಲ್ಲಿ ಕೊಳ್ಳಬೇಕಾಗಿದೆ. ಅದಕ್ಕಿಂತ ಕಷ್ಟದ್ದು ರೊಟ್ಟಿ ಬಡಿಯುವ ಕೈ ಸಿಗುವುದು. ಉರಿಯ ಮುಂದೆ ತಾಸುಗಟ್ಟಲೆ ಕೂತು, ದಿನಕ್ಕೆ ನೂರಾರು ರೊಟ್ಟಿ ಬಡಿಯುವ ಕೆಲಸಕ್ಕೆ ಹೊಸ ತಲೆಮಾರಿನ ಹೆಣ್ಣುಮಕ್ಕಳು ಬರುವುದಿಲ್ಲ, ಬರಬೇಕೆಂದು ಹೇಳುವ ಹಕ್ಕೂ ನಮಗಿಲ್ಲ. ಗೊಟಗೋಡಿಯ ಮೂರ್ತಿಗೆ ಬಣ್ಣ ಮಾಸಿದರೆ ಮತ್ತೆ ಬಳಿಯಬಹುದು. ಖಾನಾವಳಿಯ ಹಂಚಿನ ಮುಂದೆ ಕೂತವರು ಎದ್ದುಹೋದರೆ ಅಲ್ಲಿ ಚಪಾತಿ ಮಷೀನು ಬರುತ್ತದೆ. ಒಸಾಕಾದ ಓಣಿಯನ್ನು ಕಟ್ಟಿದವರು ಮೆಚ್ಚಿಗೆಗೆ ಅರ್ಹರಾಗುವುದು ಇಲ್ಲಿ: ಅವರು ಗೋಡೆಯ ಜೊತೆಗೆ ಒಲೆಯನ್ನೂ ಉರಿಯಲು ಬಿಟ್ಟರು, ಅಡುಗೆಯವರಿಗೆ ಗಿರಾಕಿ ಬರುವ ಹಾಗೆ ಮಾಡಿದರು. ಬಿಸಿ ರೊಟ್ಟಿಗೆ ಎರಡು ರೂಪಾಯಿ ಹೆಚ್ಚು ಕೇಳಿದರೆಂದು ಗಲ್ಲಾದ ಮುಂದೆ ವಾದ ಮಾಡುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಎರಡು ರೂಪಾಯಿ ಒಳಗೆ ಬಡಿಯುವವರ ಕೂಲಿ.

ಊಟ ಮುಗಿಸಿ ಶಿಗ್ಗಾವಿಯಿಂದ ಪೂರ್ವಕ್ಕೆ ಸವಣೂರಿಗೆ ಹೋಗಬಹುದು. ನವಾಬರ ಊರು, ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು. ಕಲ್ಮಠದ ಆವರಣದ ದೊಡ್ಡಹುಣಸೆ ಮರಗಳನ್ನು ನೋಡದೆ ಬರಬೇಡಿ. ಆಫ್ರಿಕಾ ಮೂಲದ ಬಾವೋಬಾಬ್ ಮರಗಳು ಅವು, ಕಾಂಡವನ್ನು ತಬ್ಬಲು ಒಂದು ಮನೆಯವರೆಲ್ಲ ಕೈಹಿಡಿದು ನಿಲ್ಲಬೇಕು. ತಿನ್ನುವವರಿಗೆ ಸವಣೂರು ಎಂದರೆ ಖಾರಾ ಮತ್ತು ಎಲೆ. ಸವಣೂರು ಖಾರಾ ಕಡಲೆಹಿಟ್ಟಿನ ಕರಿದ ತಿನಿಸು. ಹುಬ್ಬಳ್ಳಿ, ಧಾರವಾಡದ ನೆಂಟರು ಈ ಕಡೆಯಿಂದ ಯಾರು ಬಂದರೂ ಅದನ್ನೇ ತರಲು ಹೇಳುತ್ತಾರೆ. ಕೊಳ್ಳುವಾಗ ಒಂದು ಹಿಡಿ ರುಚಿ ನೋಡಿಯೇ ಕೊಳ್ಳಿ, ಅಂಗಡಿಯವರೇ ಕೈಗೆ ಹಾಕುತ್ತಾರೆ. ಎಣ್ಣೆಯ ಹಳಸು ವಾಸನೆ ಇರಬಾರದು, ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಬಾಗಬಾರದು. ಸುತ್ತಲಿನ ಎಲೆತೋಟಗಳಿಂದ ಬರುವ ವೀಳ್ಯದೆಲೆ ಸವಣೂರಿನ ಹೆಸರನ್ನು ಖಾರಾಕ್ಕಿಂತ ಮೊದಲೇ ದೂರಕ್ಕೆ ಒಯ್ದಿತ್ತು. ರೊಟ್ಟಿ ಊಟದ ಮೇಲೆ ಎಲೆ, ಅಡಿಕೆ, ಸುಣ್ಣ ಹಾಕಿಕೊಳ್ಳುವವರು ಎಳೆಯ ಎಲೆ ಕೇಳಿ ಪಡೆಯಬೇಕು. ಎಲೆ ಒಯ್ಯುವವರು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಬೆವೆತು ಕೊಳೆಯುತ್ತದೆ.

ಸಂಜೆ ನಾಲ್ಕರ ನಂತರದ ಊಟ ಬೇರೆ, ಅದು ಗಾಡಿಗಳ ಹೊತ್ತು. ಗಿರಮಿಟ್ಟು, ಮಿರ್ಚಿ, ಚಹಾ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಟೊಮೆಟೊ, ಹುಣಸೆಹುಳಿ, ಬೆಲ್ಲ ಹಾಕಿ ಬೇಯಿಸಿಟ್ಟ ಗೊಜ್ಜನ್ನು ಚುರಮುರಿಗೆ ಕಲಸಿ, ಪುಟಾಣಿ ಪುಡಿ ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಕಲಸಿದ ಗಳಿಗೆಯಿಂದಲೇ ಚುರಮುರಿ ಮೆತ್ತಗಾಗತೊಡಗುತ್ತದೆ, ಪುಟಾಣಿ ಪುಡಿ ಆ ತೇವವನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಆದ್ದರಿಂದ ಗಿರಮಿಟ್ಟನ್ನು ಕಟ್ಟಿಸಿಕೊಂಡು ಹೋಗುವುದಲ್ಲ, ಗಾಡಿಯ ಮುಂದೆ ನಿಂತು ತಿನ್ನುವುದು. ಮಿರ್ಚಿಗೆ ಬಾಣಲೆಯ ಬದಿಗೇ ನಿಂತು ಕಾಯಿರಿ. ಕರಿದಿಟ್ಟ ರಾಶಿಯಿಂದ ತೆಗೆದುಕೊಟ್ಟರೆ ‘ಬಿಸೀದು ಹಾಕ್ರೀ ಕಾಕಾ’ ಎನ್ನಿ.

ಹಾನಗಲ್ಲು, ಹಿರೇಕೆರೂರುಗಳನ್ನು ಅದೇ ದಿನ ತುರುಕಬೇಡಿ, ಮರುದಿನಕ್ಕೆ ಇಡಿ. ಅಲ್ಲಿ ನೆಲ ಬದಲಾಗುತ್ತದೆ. ಹಾನಗಲ್ಲಿನ ಪಶ್ಚಿಮಕ್ಕೆ ಮುಂಡಗೋಡ, ಶಿರಸಿಯ ಕಾಡು. ಹಿರೇಕೆರೂರಿನ ಆಚೆಗೆ ಶಿಕಾರಿಪುರ. ಮಳೆ ಹೆಚ್ಚು, ಕೆರೆ ಹೆಚ್ಚು, ಗದ್ದೆ ಹೆಚ್ಚು. ಊಟದಲ್ಲಿ ಅನ್ನದ ಪಾಲು ಏರುತ್ತದೆ, ಜೋಳದ ರೊಟ್ಟಿಯ ಪಕ್ಕಕ್ಕೆ ಅಕ್ಕಿ ರೊಟ್ಟಿ ಬರುತ್ತದೆ. ಬತ್ತವನ್ನು ಬೇಯಿಸಿ, ಒಣಗಿಸಿ, ಕಾದ ಮರಳಿನಲ್ಲಿ ಹುರಿದು ಅರಳಿಸಿದ ಮಂಡಕ್ಕಿ ಈ ಕಡೆ ಬೆಳಗಿನ ತಿಂಡಿಗೂ ಆಗುತ್ತದೆ, ಒಗ್ಗರಣೆ ಹಾಕಿಸಿಕೊಂಡು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಮಲದ ಛತ್ತನ್ನು ಬೆಳಗಿನ ಬೆಳಕಿನಲ್ಲಿ ನೋಡಿ, ಆಮೇಲೆ ಊಟಕ್ಕೆ ಕೂಡುವುದು ಸರಿಯಾದ ಕ್ರಮ.

ಜೋಳದ ಸೀಮೆಗೂ ಅಕ್ಕಿಯ ಸೀಮೆಗೂ ನಡುವಿನ ಈ ಗಡಿ ಹಳೆಯದು. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿದರು, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಅಕ್ಕಿ ಕೆಡುತ್ತದೆ, ರಾಗಿ ಉಳಿಯುತ್ತದೆ. ಕೂಳಿನ ಧಾನ್ಯಗಳಲ್ಲೂ ಮೇಲುಕೀಳು ಮಾಡುತ್ತಿದ್ದವರಿಗೆ ಕೊಟ್ಟ ಉತ್ತರ ಅದು. ಗದ್ದೆಯೂ ಹೊಲವೂ ಪಕ್ಕಪಕ್ಕದಲ್ಲಿರುವ ಸೀಮೆಯವರು ಅದನ್ನು ಬರೆದರೆಂಬುದು ನನಗೆ ಕಾಕತಾಳೀಯವೆನಿಸುವುದಿಲ್ಲ. ಈ ಊರುಗಳ ಒಂದು ಊಟದ ತಟ್ಟೆಯಲ್ಲಿ ಎರಡೂ ಬಗೆಯ ಧಾನ್ಯ ಒಟ್ಟಿಗೆ ಕೂತಿರುತ್ತವೆ.

ಜಪಾನಿನ ನೂಡಲ್ ಸಾರಿಗೆ ಹತ್ತಿರದ್ದೇ ಬೇಕೆನ್ನುವವರಿಗೂ ಇಲ್ಲಿ ದಾರಿಯಿದೆ. ಹಾನಗಲ್ಲಿನ ನೆರೆಯ ಮುಂಡಗೋಡದಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರ ವಸಾಹತು ಇದೆ, ಗಾದೆನ್ ಮತ್ತು ದ್ರೆಪುಂಗ್ ಮಠಗಳಿವೆ. ಕ್ಯಾಂಪುಗಳ ಪುಟ್ಟ ಹೋಟೆಲುಗಳಲ್ಲಿ ಥುಕ್ಪಾ, ಮೊಮೊ ಸಿಗುತ್ತವೆ. ಬಿಟ್ಟುಬಂದ ಊರನ್ನು ಒಲೆಯ ಮೇಲೆ ಉಳಿಸಿಕೊಂಡವರ ಓಣಿ ಅದು. ನೆನಪಿನ ಊಟ ಎಂಬ ಮಾತಿಗೆ ಅಲ್ಲಿರುವಷ್ಟು ತೂಕ ಬೇರೆಲ್ಲೂ ಇರಲಾರದು. ಭಾರತೀಯರು ಹೋಗಿಬರಲು ಪರವಾನಗಿ ಬೇಡ, ವಿದೇಶಿ ಸ್ನೇಹಿತರು ಉಳಿದುಕೊಳ್ಳುವುದಾದರೆ ಬೇಕು. ಸಸ್ಯಾಹಾರಿಗಳು ಥುಕ್ಪಾದ ಸಾರು ಯಾವುದರದೆಂದು ಮೊದಲೇ ಕೇಳಿಕೊಳ್ಳಿ.

ಈ ಕೇಳಿಕೊಳ್ಳುವ ಮಾತು ಜಪಾನಿಗೆ ಹೋಗುವ ನಮ್ಮವರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕೆಲಸದ ಮೇಲೆ ಟೋಕಿಯೊ, ಒಸಾಕಾಕ್ಕೆ ಹೋಗುವ ಹುಡುಗ ಹುಡುಗಿಯರು ಈಗ ಈ ಭಾಗದ ಮನೆಗಳಲ್ಲೂ ಇದ್ದಾರೆ. ಅಲ್ಲಿನ ಹಳೆಯ ಓಣಿಯಲ್ಲಿ ತರಕಾರಿಯದು ಎಂದು ಕಾಣುವುದರಲ್ಲೂ ದಾಶಿ ಎಂಬ ಮೀನಿನ ಸಾರು ಇರುತ್ತದೆ. ಒಕೊನೊಮಿಯಾಕಿ ಗೋಧಿಹಿಟ್ಟು, ಎಲೆಕೋಸು, ಮೊಟ್ಟೆಯದು, ಮೇಲೆ ಒಣಮೀನಿನ ತೆಳು ಹೆರೆ ಉದುರಿಸುತ್ತಾರೆ. ಲಿಂಗಾಯತ ಖಾನಾವಳಿಯಲ್ಲಿ ಬೆಳೆದವರು ಹಿಟ್ಟು ಕಲಸುವ ಮೊದಲೇ ಮಾತಾಡಬೇಕು, ಹೊರಡುವಾಗಲೇ ಜಪಾನಿ ಭಾಷೆಯಲ್ಲಿ ‘ಮಾಂಸ, ಮೀನು, ಮೀನಿನ ಸಾರು ತಿನ್ನುವುದಿಲ್ಲ’ ಎಂದು ಬರೆಸಿಟ್ಟುಕೊಂಡ ಚೀಟಿ ಇರಲಿ. ಸಂಜೆಯ ಮದ್ಯದಂಗಡಿಗಳಲ್ಲಿ ಕೂತ ಕೂಡಲೇ ಕೇಳದೆ ಒಂದು ಪುಟ್ಟ ಬಟ್ಟಲು ತಿನಿಸು ಬಂದರೆ ಅದು ಪುಕ್ಕಟೆಯಲ್ಲ. ಒತೊಶಿ ಎಂಬ ಆ ಬಟ್ಟಲಿನ ದುಡ್ಡು ಬಿಲ್ಲಿನಲ್ಲಿ ಸೇರುತ್ತದೆ, ಕೂಡುವ ಜಾಗದ ಬಾಡಿಗೆ ಎಂದು ತಿಳಿದರಾಯಿತು. ಕೆಲವು ರಾಮೆನ್ ಅಂಗಡಿಗಳಲ್ಲಿ ಬಾಗಿಲ ಬಳಿಯ ಯಂತ್ರದಲ್ಲಿ ಮೊದಲು ಚೀಟಿ ತೆಗೆಯಬೇಕು. ಟಿಪ್ಸ್ ಕೊಡುವ ಪದ್ಧತಿ ಇಲ್ಲ, ಮೇಜಿನ ಮೇಲೆ ಬಿಟ್ಟುಬಂದರೆ ಮರೆತಿರೆಂದು ಹಿಂದೆ ಓಡಿಬಂದು ಕೊಡುತ್ತಾರೆ. ಎಂಟು ಹತ್ತು ಜನ ಮಾತ್ರ ಹಿಡಿಯುವ ಗಲ್ಲಿಯ ಅಂಗಡಿಯಲ್ಲಿ ಉಂಡು ಮುಗಿದ ಮೇಲೆ ಎದ್ದು ಜಾಗ ಬಿಡಬೇಕು. ಈ ಕೊನೆಯ ನಿಯಮ ಮಾತ್ರ ಮಧ್ಯಾಹ್ನ ಒಂದೂವರೆಯ ಶಿಗ್ಗಾವಿ ಖಾನಾವಳಿಯಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮನೆಗೆ ಒಯ್ಯುವುದಕ್ಕೆ ಕಟಕ್ ರೊಟ್ಟಿ ಎಲ್ಲಕ್ಕಿಂತ ಅನುಕೂಲ. ತೆಳ್ಳಗೆ ಬಡಿದು, ಹಂಚಿನ ಮೇಲೆ ಪೂರ್ತಿ ನೀರು ಆರುವವರೆಗೆ ಬಿಟ್ಟ ಈ ರೊಟ್ಟಿಯನ್ನು ಮಹಿಳಾ ಸಂಘಗಳು, ರೊಟ್ಟಿ ಕೇಂದ್ರಗಳು ಕಟ್ಟು ಕಟ್ಟಿ ಮಾರುತ್ತವೆ. ತೇವ ತಾಗದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಬಸ್ಸಿನಲ್ಲಿ ಒಯ್ಯುವಾಗ ಚೀಲದ ಮೇಲ್ಭಾಗದಲ್ಲಿ ಮಲಗಿಸಿಡಿ, ನಿಲ್ಲಿಸಿಟ್ಟರೆ ಅಂಚು ಮುರಿಯುತ್ತದೆ. ಮುರಿದರೂ ಹಾಳಲ್ಲ: ಚೂರುಗಳಿಗೆ ಮಜ್ಜಿಗೆ ಚಿಮುಕಿಸಿ, ಉಳ್ಳಾಗಡ್ಡಿ, ಶೇಂಗಾದ ಒಗ್ಗರಣೆ ಕೊಟ್ಟು ತಿನ್ನಬಹುದು. ಸವಣೂರು ಖಾರಾವನ್ನು ಮಾತ್ರ ರೊಟ್ಟಿಯ ಚೀಲದಲ್ಲಿ ಹಾಕಬೇಡಿ, ಎಣ್ಣೆ ಇಳಿಯುತ್ತದೆ; ಅದಕ್ಕೆ ಬಿಗಿ ಮುಚ್ಚಳದ ಡಬ್ಬಿ ಮನೆಯಿಂದಲೇ ತಂದಿರಿ.